ರಾಗಿ ರಾಶಿ ಯಾರದು?

ಜಯನಗರ ಒಂಬತ್ತನೇ ಬ್ಲಾಕಿನ ರಾಗಿಗುಡ್ಡಕ್ಕೆ ಒಂದು ಸ್ಥಳಪುರಾಣವಿದೆ. ಹಿಂದೆ ಇಲ್ಲಿನ ಒಂದು ದೊಡ್ಡ ಮನೆಯಲ್ಲಿ ರಾಗಿ ರಾಶಿ ಬಿದ್ದಿತ್ತಂತೆ. ಮೂವರು ಭಿಕ್ಷುಕರು ಬಂದರಂತೆ. ಸೊಸೆ ರಾಗಿ ತುಂಬಿಕೊಂಡು ನೀಡಲು ಹೋದರೆ ಅತ್ತೆ ಅಡ್ಡಬಂದು ಬೇಡವೆಂದಳಂತೆ. ಸೊಸೆ ನೊಂದು ದೇವರಿಗೆ ಮೊರೆಯಿಟ್ಟಳು, ರಾಶಿ ಕಲ್ಲಾಯಿತು, ಅದೇ ಈ ಗುಡ್ಡ ಎನ್ನುತ್ತಾರೆ. ಬಂದವರು ತ್ರಿಮೂರ್ತಿಗಳಂತೆ. ಈಗ ಗುಡ್ಡದ ಮೇಲೆ ಆಂಜನೇಯನ ಗುಡಿಯಿದೆ. ಸುತ್ತಲಲ್ಲೇ ಕೊಳೆಗೇರಿ ಮಂಡಳಿ ಕಟ್ಟಿಸಿದ ಬಡವರ ಮನೆಗಳಿವೆ. 2025ರಿಂದ ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ.

ಈ ಕತೆ ಮೊದಲು ಕೇಳಿದಾಗ ನನಗೆ ಹೊಳೆದದ್ದು ಒಂದೇ. ಇದರಲ್ಲಿ ಅತ್ತೆ ಇದ್ದಾಳೆ, ಸೊಸೆ ಇದ್ದಾಳೆ, ಬೇಡುವ ದೇವರಿದ್ದಾರೆ. ಆ ರಾಗಿಯನ್ನು ಬಿತ್ತಿದವರು, ಕಳೆ ಕಿತ್ತವರು, ಕುಯ್ದು ಮೆದೆ ಹಾಕಿದವರು, ಕಣದಲ್ಲಿ ತುಳಿಸಿ, ತೂರಿ, ರಾಶಿ ಮಾಡಿದವರು ಒಬ್ಬರೂ ಇಲ್ಲ. ನಮ್ಮ ತಾತ ಗೌಡರ ಮನೇಲಿ ಜೀತಕ್ಕಿದ್ದ. ರಾಶಿ ಎತ್ತಿದ ಮೇಲೆ ಕಣದ ತಳ ಗುಡಿಸಿಕೊಂಡು ಹೋಗೋದು ಅವನ ಪಾಲು. ಮಣ್ಣು ಬೆರೆತ ಆ ರಾಗಿಯನ್ನು ನಮ್ಮಜ್ಜಿ ಮೂರು ಸಲ ಜಾಲಿಸುತ್ತಿದ್ದಳಂತೆ. ಅದಕ್ಕೇ ಈ ಪುರಾಣ ಕೇಳುವಾಗೆಲ್ಲ ನನ್ನ ಬಾಯಿಗೆ ಒಂದೇ ಪ್ರಶ್ನೆ ಬರುತ್ತದೆ: ಕೊಡಬೇಕು ಅಂದವಳು ಸೊಸೆ, ಕೊಡಬಾರದು ಅಂದವಳು ಅತ್ತೆ, ಆದರೆ ರಾಗಿ ಯಾರದು?

ನಾನು ಬರೆಯಹೊರಟಿರುವುದು ಪುರಾಣದ ಮೇಲಲ್ಲ, ಪ್ರಭುತ್ವ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಂಬಂಧದ ಮೇಲೆ. ನಾವು ಎನ್‌ಜಿಒ ಅನ್ನುತ್ತೇವಲ್ಲ, ಅದರ ಮೇಲೆ. ಸರ್ಕಾರದ ಅನುಮತಿಯಿಂದ ಬದುಕುವ ಸಂಸ್ಥೆ ಸರ್ಕಾರವನ್ನು ಪ್ರಶ್ನಿಸಬಲ್ಲದೆ? ಕೈಗೆ ಅನ್ನ ಹಾಕಿದವರನ್ನು ಬಾಯಿ ಪ್ರಶ್ನಿಸಬಹುದೆ? ಇದು ಓದಿದವರ ಸೆಮಿನಾರಿನ ಪ್ರಶ್ನೆ ಎಂದು ಪಕ್ಕಕ್ಕೆ ತಳ್ಳಬೇಡಿ. ಉಪ್ಪಿನ ಋಣ ಅನ್ನೋ ಹಗ್ಗದಲ್ಲಿ ನಮ್ಮನ್ನು ತಲೆತಲಾಂತರದಿಂದ ಕಟ್ಟಿಹಾಕಿದ್ದಾರೆ. ಇದು ನಮ್ಮ ಪ್ರಶ್ನೆಯೇ.

ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ. ಡಿಗ್ರಿ ಮುಗಿಸಿ ಊರಿಂದ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ಜೆ.ಪಿ. ನಗರದ ಒಂದು ಸಂಸ್ಥೆಯಲ್ಲಿ. ಬಿಟಿಎಂ ಲೇಔಟಿನಲ್ಲಿ ಮೂವರು ಗೆಳೆಯರ ಜೊತೆ ಒಂದು ರೂಮು. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಜಾಗದಲ್ಲಿ ಕೂತು ನಾನು ಹಳ್ಳಿಯಿಂದ ಬಂದವರ ಬಗ್ಗೆ ವರದಿ ಬರೆಯುತ್ತಿದ್ದೆ. ಸರ್ಕಾರಿ ಶಾಲೆಗಳಿಗೆ ಹೋಗೋದು, ಮಕ್ಕಳ ತಾಯಂದಿರ ಸಭೆ ಮಾಡೋದು, ನೀರು, ಕಕ್ಕಸು, ಹಾಜರಿ ಬರ್ಕೊಳ್ಳೋದು ನನ್ನ ಕೆಲಸ.

ಒಂದು ವರದಿಯಲ್ಲಿ ‘ಇದು ಸರ್ಕಾರದ ಕರ್ತವ್ಯಲೋಪ’ ಎಂದು ಬರೆದೆ. ನಮ್ಮ ಮೇಡಂ ಕರೆದು ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರು: “ನೋಡಪ್ಪ, ನಮ್ಮ ಎಫ್‌ಸಿಆರ್‌ಎ ರಿನ್ಯೂವಲ್ ಅರ್ಜಿ ದೆಹಲಿಯಲ್ಲಿ ಕೂತಿದೆ. ಶಾಲೆಯೊಳಗೆ ಹೋಗೋ ಪರ್ಮಿಷನ್ ಇಲಾಖೆ ಕೈಲಿದೆ. ಎರಡೂ ಬಾಗಿಲು ಮುಚ್ಚಿದರೆ ಈ ಮಕ್ಕಳ ಜೊತೆ ಯಾರಿರ್ತಾರೆ? ‘ಸುಧಾರಣೆಗೆ ಅವಕಾಶವಿದೆ’ ಅಂತ ಬರಿ.” ಅವರು ಕೆಟ್ಟವರಲ್ಲ. ಆ ಮಕ್ಕಳ ಹೆಸರು ಅವರಿಗೆ ಬಾಯಿಪಾಠವಿತ್ತು. ನಾನು ವಾಪಸು ಬಂದು ಕೂತು ನನ್ನ ಕೈಯಾರೆ ಆ ಪದ ಅಳಿಸಿ ಈ ಪದ ಟೈಪ್ ಮಾಡಿದೆ. ತಿಂಗಳ ಮೊದಲ ತಾರೀಖಿಗೆ ಸಂಬಳ ಬಂತು. ಅದರಲ್ಲಿ ತಂಗಿಯ ಬಿ.ಎಡ್. ಫೀಸು ಕಟ್ಟಿದೆ. ಕ್ರಾಂತಿಯ ಕವನ ಬರೆಯುವವನ ಕೈ ಎಷ್ಟು ಸಲೀಸಾಗಿ ಒಂದು ಪದ ಅಳಿಸುತ್ತದೆ ಎಂದು ಅವತ್ತು ಗೊತ್ತಾಯಿತು.

ಅದೇ ವಾರ ತಾಯಂದಿರ ಸಭೆಯಲ್ಲಿ ಒಬ್ಬ ಹೆಂಗಸು ಕೇಳಿದಳು: “ನೀವು ಗೌರ್ಮೆಂಟೋರಾ ಸಾರ್?” “ಅಲ್ಲಕ್ಕ, ನಾವು ಸಂಸ್ಥೆಯೋರು” ಅಂದೆ. “ಹಂಗಾರೆ ನಾಳಿಕ್ಕೆ ನೀವು ಬರ್ದೆ ಇದ್ರೆ ನಾವು ಯಾರ್ನ ಕೇಳ್ಬೇಕು?” ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಇಡೀ ಲೇಖನ ಅವಳ ಆ ಮಾತಿಗೆ ಉತ್ತರ ಹುಡುಕುವುದಷ್ಟೇ.

ಈ ಪ್ರಶ್ನೆ ಬೆನ್ನು ಹತ್ತಿದಾಗ ನಾನು ಚೀನಾದ ಬಗ್ಗೆ ಓದಿದೆ. ಅಲ್ಲಿ ಈ ಸಂಬಂಧವನ್ನು ಕಾನೂನಿನಲ್ಲೇ ಬಿಚ್ಚಿ ಬರೆದಿಟ್ಟಿದ್ದಾರೆ. 1998ರ ನೋಂದಣಿ ನಿಯಮಾವಳಿಯ ಪ್ರಕಾರ ಒಂದು ಸಂಘ ಹುಟ್ಟಬೇಕಾದರೆ ನೋಂದಣಿ ಕಚೇರಿಯ ಮುದ್ರೆಯೊಂದೇ ಸಾಲದು. ಯಾವುದಾದರೂ ಸರ್ಕಾರಿ ಇಲಾಖೆ ಅಥವಾ ಸರ್ಕಾರ ಒಪ್ಪಿದ ಸಂಸ್ಥೆ ‘ಇದರ ಮೇಲ್ವಿಚಾರಣೆ ನನ್ನದು’ ಎಂದು ತಲೆಗೊಡಬೇಕು. ಆ ಮೇಲ್ವಿಚಾರಕ ಇಲಾಖೆಗೆ ಚೀನಾದ ಜನ ಇಟ್ಟಿರುವ ಅಡ್ಡಹೆಸರು ‘ಪೋಪೋ’. ಅಂದರೆ ಗಂಡನ ತಾಯಿ, ಅತ್ತೆ. ಅತ್ತೆ ಸಿಗದ ಸಂಘ ಹುಟ್ಟುವಂತಿಲ್ಲ. ಒಂದೇ ಪ್ರದೇಶದಲ್ಲಿ ಅದೇ ಕೆಲಸದ ಸಂಘ ಈಗಾಗಲೇ ಇದ್ದರೆ ಇನ್ನೊಂದಕ್ಕೆ ನೋಂದಣಿ ನಿರಾಕರಿಸಬಹುದು. ಎಷ್ಟೋ ಗುಂಪುಗಳು ಅತ್ತೆ ಸಿಗದೆ ಕಂಪನಿ ಎಂದು ನೋಂದಾಯಿಸಿಕೊಂಡು ಬದುಕಿದವು. 2013ರ ಸುಮಾರಿಗೆ ಧರ್ಮಕಾರ್ಯ, ಸಮುದಾಯ ಸೇವೆ ಮುಂತಾದ ಕೆಲವು ಬಗೆಯ ಸಂಘಗಳಿಗೆ ಅತ್ತೆಯಿಲ್ಲದೆ ನೇರ ನೋಂದಣಿಯ ದಾರಿ ತೆರೆದರು, ಅವುಗಳಿಗೆ ಸೇವೆಯ ಗುತ್ತಿಗೆಯನ್ನೂ ಕೊಡತೊಡಗಿದರು. ಆದರೆ 2017ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಹೊರದೇಶದ ಸಂಸ್ಥೆಗಳನ್ನು ಪೊಲೀಸ್ ಇಲಾಖೆಯ ಕೈಗೆ ಕೊಟ್ಟಿತು.

ಈ ವ್ಯವಸ್ಥೆ ಏನನ್ನು ಬಯಸುತ್ತದೆ ಎಂದು ತಿಳಿಯಲು ಎರಡು ಘಟನೆ ಸಾಕು. 2008ರ ಮೇ 12ರಂದು ಸಿಚುವಾನ್ ಪ್ರಾಂತ್ಯದಲ್ಲಿ ಭೂಕಂಪವಾಯಿತು. ಊಟ, ಔಷಧಿ, ಕಂಬಳಿ ಹೊತ್ತು ದೇಶದ ಮೂಲೆಮೂಲೆಯಿಂದ ಸ್ವಯಂಸೇವಕರು ಬಂದರು. ಪ್ರಭುತ್ವ ಅವರನ್ನು ಹೊಗಳಿತು. ಆದರೆ ಪಕ್ಕದ ಕಟ್ಟಡಗಳು ನಿಂತಿದ್ದಾಗ ಶಾಲೆಗಳೇ ಯಾಕೆ ಕುಸಿದವು, ಸತ್ತ ಮಕ್ಕಳೆಷ್ಟು ಎಂದು ಲೆಕ್ಕ ಕೇಳಲು ಹೊರಟ ತಾನ್ ತ್ಸೂರೆನ್ ಎಂಬ ಬರಹಗಾರನಿಗೆ 2010ರಲ್ಲಿ ಐದು ವರ್ಷ ಜೈಲಾಯಿತು. ತೀರ್ಪಿನಲ್ಲಿ ಮುಂದಿಟ್ಟದ್ದು 1989ರ ತಿಯನಾನ್‌ಮೆನ್ ಬಗ್ಗೆ ಆತ ಬರೆದದ್ದನ್ನು. ಇನ್ನೊಂದು, ಗುವಾಂಗ್‌ದಾಂಗ್ ಪ್ರಾಂತ್ಯದ ಕಾರ್ಖಾನೆಗಳಲ್ಲಿ ದುಡಿಯುವ ವಲಸೆ ಕೂಲಿಗಳಿಗೆ ಕಾನೂನು ಹೇಳಿಕೊಡುತ್ತಿದ್ದ ಕೇಂದ್ರಗಳ ಮೇಲೆ 2015ರ ಡಿಸೆಂಬರಿನಲ್ಲಿ ಪೊಲೀಸರು ಎರಗಿದರು. ಪನ್‌ಯು ಕೇಂದ್ರದ ತ್ಸೆಂಗ್ ಫೇಯಾಂಗ್ ಅವರಿಗೆ ಮರುವರ್ಷ ಅಮಾನತಿನಲ್ಲಿಟ್ಟ ಶಿಕ್ಷೆಯಾಯಿತು. ಕಂಬಳಿ ಹಂಚಬಹುದು, ಲೆಕ್ಕ ಕೇಳಬಾರದು. ಅದೂ ಕೂಲಿಗಳ ಪ್ರಭುತ್ವ ಎಂದು ತನ್ನನ್ನು ಕರೆದುಕೊಳ್ಳುವ ದೇಶದಲ್ಲಿ.

ಚೀನಾದ ಹೆಸರೆತ್ತಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ದೇಶಭಕ್ತಿ ಉಕ್ಕುತ್ತದೆ. ‘ನೋಡಿ, ನಮ್ಮಲ್ಲಿ ಹಂಗಿಲ್ಲ’ ಅನ್ನುತ್ತಾರೆ. ನಿಜ, ನಮ್ಮಲ್ಲಿ ಹಂಗೇ ಇಲ್ಲ. ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ಕೋರ್ಟಿಗೆ ಹೋಗಬಹುದು. ನಾನು ಈ ಲೇಖನ ಬರೆಯಬಹುದು, ನೀವು ಓದಬಹುದು. ಈ ವ್ಯತ್ಯಾಸ ಸಣ್ಣದಲ್ಲ. ಅದನ್ನು ಸಣ್ಣದೆನ್ನುವವರು ಜೈಲು ನೋಡಿಲ್ಲ. ಆದರೆ ನಮ್ಮಲ್ಲೂ ಅತ್ತೆ ಇದ್ದಾಳೆ. ಅವಳು ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ಉಗ್ರಾಣದ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಾಳೆ.

ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ ಎಂದು ಕರೆಯುತ್ತೇವಲ್ಲ, ಅದು ಹುಟ್ಟಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ಕತ್ತಲಲ್ಲಿ. 1984ರ ತಿದ್ದುಪಡಿ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿತು. 2010ರ ಹೊಸ ಕಾಯ್ದೆ ಐದು ವರ್ಷಕ್ಕೊಮ್ಮೆ ನವೀಕರಣ ಎಂದಿತು. ಅಂದರೆ ಐದು ವರ್ಷಕ್ಕೊಮ್ಮೆ ಸೊಸೆ ಅತ್ತೆಯ ಮುಂದೆ ನಿಂತು ನಾನು ಒಳ್ಳೆಯವಳೆಂದು ಸಾಬೀತು ಮಾಡಬೇಕು. 2020ರ ಸೆಪ್ಟೆಂಬರಿನ ತಿದ್ದುಪಡಿ ಇನ್ನೂ ಬಿಗಿ ಮಾಡಿತು. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡ 50ರಿಂದ 20ಕ್ಕೆ ಇಳಿಯಬೇಕು. ಹಣ ಬರಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ. ಸಿಂಧನೂರಿನ ಸಂಸ್ಥೆಯಾದರೂ ಅಷ್ಟೆ, ಚಾಮರಾಜನಗರದ್ದಾದರೂ ಅಷ್ಟೆ. ವಿದೇಶಿ ದೇಣಿಗೆ ಪಡೆಯುವುದು ಯಾರ ನಿರಪೇಕ್ಷ ಹಕ್ಕೂ ಅಲ್ಲ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಬೆಂಗಳೂರಿನಲ್ಲೇ ಆದದ್ದು ನೆನಪಿದೆಯಲ್ಲ? ಇಲ್ಲಿ ಕಚೇರಿಯಿದ್ದ ಆಮ್ನೆಸ್ಟಿ ಇಂಡಿಯಾದ ಮೇಲೆ 2018ರ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯದ ದಾಳಿಯಾಯಿತು. 2020ರ ಸೆಪ್ಟೆಂಬರಿನಲ್ಲಿ ಅದರ ಬ್ಯಾಂಕ್ ಖಾತೆಗಳು ಸ್ತಬ್ಧವಾದವು. ಅದೇ ತಿಂಗಳ 29ರಂದು ಕೆಲಸ ನಿಲ್ಲಿಸಿದೆವೆಂದು ಸಂಸ್ಥೆ ಹೇಳಿತು. ಹಣ ತರಿಸಿದ ದಾರಿ ಕಾನೂನುಬಾಹಿರ ಎಂಬುದು ಸರ್ಕಾರದ ವಾದ, ಪ್ರಶ್ನೆ ಕೇಳಿದ್ದಕ್ಕೆ ಶಿಕ್ಷೆ ಎಂಬುದು ಸಂಸ್ಥೆಯ ವಾದ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬಾಗಿಲು ಮುಚ್ಚಿದ ದಿನ ನಮ್ಮ ಕೇರಿಗಳಲ್ಲಿ ಎಲ್ಲೂ ಒಂದು ಸದ್ದಾಗಲಿಲ್ಲ. ಪತ್ರಿಕೆಯಲ್ಲಿ ಬಂತು, ಹೋಯಿತು. ಮಾನವ ಹಕ್ಕು ಎಂಬ ಪದ ಹೊತ್ತ ಸಂಸ್ಥೆ ಬಿದ್ದಾಗ, ಹಕ್ಕು ಕಳಕೊಂಡ ಮಾನವರಿಗೆ ನಮ್ಮದೇನೋ ಬಿತ್ತು ಅನ್ನಿಸಲಿಲ್ಲ. ಇದಕ್ಕೆ ಕಾರಣ ಪ್ರಭುತ್ವ ಒಂದೇ ಅಲ್ಲ.

2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟೇ ಇನ್ನೊಂದು ಮಾತು ಹೇಳಿತ್ತು. ಬಂದ್, ಹರತಾಳ, ರಸ್ತೆ ತಡೆಯಂಥ ಹೋರಾಟಕ್ಕೆ ಬೆಂಬಲ ಕೊಟ್ಟ ಮಾತ್ರಕ್ಕೆ, ಪಕ್ಷ ರಾಜಕೀಯದ ಉದ್ದೇಶವಿಲ್ಲದಿದ್ದರೆ, ಒಂದು ಸಂಸ್ಥೆಯನ್ನು ರಾಜಕೀಯ ಸಂಸ್ಥೆ ಎಂದು ಹಣೆಪಟ್ಟಿ ಹಚ್ಚಿ ಹಣ ತಡೆಯುವಂತಿಲ್ಲ ಎಂದಿತ್ತು. ಕೋರ್ಟು ಬಾಗಿಲು ತೆರೆದರೂ ನಾವು ಒಳಗೆ ಹೋಗಲಿಲ್ಲ. ನನ್ನ ವರದಿಯ ಪದ ಬದಲಿಸಿ ಎಂದು ದೆಹಲಿಯಿಂದ ಯಾರೂ ಫೋನ್ ಮಾಡಿರಲಿಲ್ಲ. ಅತ್ತೆ ಬೈಯುವ ಮೊದಲೇ ಸೊಸೆ ಮೊರ ಕೆಳಗಿಟ್ಟಳು.

ಈಗ ದಕ್ಷಿಣ ಬೆಂಗಳೂರಿನದೇ ಇನ್ನೊಂದು ಉದಾಹರಣೆ ನೋಡೋಣ. ಇಲ್ಲಿ ಅತ್ತೆ ಸೊಸೆಗೆ ಜಗಳವಿಲ್ಲ, ಬಹಳ ಅನ್ಯೋನ್ಯ. ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಹೋದರೆ ವಸಂತಪುರದ ಗುಡ್ಡದ ಮೇಲೆ ಅಕ್ಷಯಪಾತ್ರೆಯ ದೊಡ್ಡ ಅಡುಗೆಮನೆಯಿದೆ. 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಗೆ ಊಟ ಹಾಕುವುದರಿಂದ ಶುರುವಾದ ಸಂಸ್ಥೆ ಇಂದು ದೇಶದ ಅನೇಕ ರಾಜ್ಯಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಬಡಿಸುತ್ತದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಎಂದು ಆದೇಶಿಸಿತು. ಅಲ್ಲಿಗೆ ಊಟ ಮಗುವಿನ ಹಕ್ಕಾಯಿತು, ಸರ್ಕಾರದ ಕರ್ತವ್ಯವಾಯಿತು. ಕರ್ತವ್ಯ ನಿಭಾಯಿಸಲು ಸರ್ಕಾರ ಸಂಸ್ಥೆಯನ್ನು ಕರೆಯಿತು. ಅಕ್ಕಿ ಸರ್ಕಾರದ್ದು, ಅಡುಗೆಯ ಖರ್ಚಿನ ಒಂದು ಪಾಲು ಸರ್ಕಾರದ್ದು, ಉಳಿದದ್ದು ದಾನಿಗಳದ್ದು. ಹಸಿದ ಮಕ್ಕಳು ಉಂಡರು. ಅದನ್ನು ಹಗುರ ಮಾಡಿ ಮಾತಾಡುವ ಯೋಗ್ಯತೆ ಹಸಿವು ಕಂಡ ನನಗೂ ಇಲ್ಲ.

ಆದರೆ ಆ ಅಡುಗೆಮನೆಗೆ ಒಂದು ನೇಮವಿದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ. 2018-19ರಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. ಸಪ್ಪೆ ಊಟ ಮಕ್ಕಳ ನಾಲಗೆಗೆ ಹತ್ತುವುದಿಲ್ಲ ಎಂದು ಆಹಾರದ ಹಕ್ಕಿನ ಹೋರಾಟಗಾರರು ಹೇಳಿದರು. ಪೌಷ್ಟಿಕಾಂಶ ಸರಿಯಾಗಿದೆ ಎಂದು ಸಂಸ್ಥೆ ಹೇಳಿತು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಅದಕ್ಕೆ ಹೂಂಗುಟ್ಟಿತು. ಪೌಷ್ಟಿಕಾಂಶದ ಲೆಕ್ಕ ಸರಿಯೇ ಇರಲಿ. ನನ್ನ ಪ್ರಶ್ನೆ ಅದಲ್ಲ. ಮಕ್ಕಳ ತಟ್ಟೆಗೆ ಏನು ಬೀಳಬೇಕೆಂದು ಗುಡಿಯ ನೇಮ ತೀರ್ಮಾನಿಸುವುದೋ, ತಿನ್ನುವ ಮಗು ತೀರ್ಮಾನಿಸುವುದೋ? ಅಕ್ಕಿ ಕೊಂಡದ್ದು ನಮ್ಮಪ್ಪ ನಮ್ಮವ್ವ ಸೋಪು, ಬೆಂಕಿಪೊಟ್ಟಣಕ್ಕೆ ಕಟ್ಟಿದ ತೆರಿಗೆಯಿಂದ. ನೇಮ ಮಾತ್ರ ಇನ್ಯಾರದೋ.

ನಮ್ಮವ್ವ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಐದು ಸಾವಿರವೂ ಮುಟ್ಟದ ಅವಳ ಸಂಬಳಕ್ಕೆ ಸರ್ಕಾರ ‘ಗೌರವಧನ’ ಎಂದು ಹೆಸರಿಟ್ಟಿದೆ. ಕೂಲಿ ಎಂದು ಕರೆದರೆ ಕನಿಷ್ಠ ಕೂಲಿ ಕೊಡಬೇಕಲ್ಲ, ಅದಕ್ಕೆ ಗೌರವ. 2004ರ ಏಪ್ರಿಲ್ 20ರ ಆದೇಶದಲ್ಲಿ ಸುಪ್ರೀಂ ಕೋರ್ಟು, ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಎಂದಿತು. ಆ ಒಂದು ವಾಕ್ಯದ ತೂಕ ನೋಡಿ. ಊರಿನ ಬಾವಿ ಮುಟ್ಟಬಾರದೆಂದು ಇವರು ಯಾರನ್ನು ಅಟ್ಟಿದ್ದರೋ, ಅವಳ ಕೈಲಿ ಊರಿನ ಮಕ್ಕಳಿಗೆ ಅನ್ನ ಬಡಿಸುವ ಸೌಟು. ನಮ್ಮವ್ವ ಸೌಟು ಹಿಡಿದ ಮೊದಲ ವಾರ ನಾಲ್ಕು ಮನೆಯ ಮಕ್ಕಳು ಬುತ್ತಿ ತಂದವು. ಮೇಷ್ಟ್ರು ದಿನಾ ಮಕ್ಕಳ ಜೊತೆ ಕೂತು ಉಂಡರು. ಒಂದು ತಿಂಗಳಲ್ಲಿ ಬುತ್ತಿ ನಿಂತಿತು. ಎಲ್ಲ ಕಡೆ ಹೀಗೆ ಸುಖಾಂತವಾಗುವುದಿಲ್ಲ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮದಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳ ಟಿ.ಸಿ. ತೆಗೆದುಕೊಂಡರೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೇ ಓದಿದ್ದೀರಿ.

ಈಗ ಯೋಚಿಸಿ. ದೂರದ ಒಂದು ದೊಡ್ಡ ಅಡುಗೆಮನೆಯಲ್ಲಿ ಸ್ಟೀಲಿನ ಹಂಡೆಗಳಲ್ಲಿ ಅನ್ನ ಬೆಂದು, ಮುಚ್ಚಿದ ಡಬ್ಬಿಯಲ್ಲಿ ವ್ಯಾನು ಹತ್ತಿ ಬಂದರೆ ಈ ಜಗಳವೇ ಇಲ್ಲ. ಅಚ್ಚುಕಟ್ಟು, ಶುಚಿ, ಸಮಯಕ್ಕೆ ಸರಿ. ಅಡುಗೆ ಮಾಡಿದವರ ಜಾತಿ ಯಾರಿಗೂ ಕಾಣುವುದಿಲ್ಲ. ಜಾತಿ ಕಾಣದಂತೆ ಮಾಡುವುದು ಬೇರೆ, ಜಾತಿಯನ್ನು ಎದುರಿಸಿ ಸೋಲಿಸುವುದು ಬೇರೆ. ಆ ವ್ಯಾನು ನಮ್ಮೂರಿಗೂ ಬಂದಿದ್ದರೆ ನಾಲ್ಕು ಮನೆಯ ಮಕ್ಕಳು ಬುತ್ತಿ ತರುತ್ತಿರಲಿಲ್ಲ, ಮೇಷ್ಟ್ರು ಜೊತೆಗೆ ಕೂತು ಉಣ್ಣಬೇಕಾಗಿರಲಿಲ್ಲ, ನಮ್ಮವ್ವನ ಕೈಯನ್ನ ಉಂಡು ಯಾರೂ ಬದಲಾಗುತ್ತಿರಲಿಲ್ಲ. ಎಲ್ಲರಿಗೂ ಹೊಟ್ಟೆ ತುಂಬುತ್ತಿತ್ತು, ಎಲ್ಲರೂ ಇದ್ದಲ್ಲೇ ಇರುತ್ತಿದ್ದರು. ಸರ್ಕಾರ ಮತ್ತು ಸಂಸ್ಥೆ ಕೈಜೋಡಿಸಿ ಸೇವೆ ಮಾಡುವಾಗ ಕಳೆದುಹೋಗುವುದು ಇದು. ಇದು ಯಾವ ಆಡಿಟ್ ವರದಿಯಲ್ಲೂ ಬರುವುದಿಲ್ಲ.

ಒಬ್ಬ ಗೆಳೆಯ ನನ್ನ ಮೇಲೆ ರೇಗಿದ: “ಹಸಿದ ಮಗೀಗೆ ನಿನ್ನ ಫಿಲಾಸಫಿ ಯಾತಕ್ಕಯ್ಯ? ಕೊಡೋರು ಕೊಡಲಿ ಬಿಡು.” ಅವನ ಮಾತಿನಲ್ಲಿ ಸತ್ಯವಿದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಮೂರು ವರ್ಷಕ್ಕೆ 1500 ಕೋಟಿ ರೂಪಾಯಿ ಕೊಡುತ್ತೇನೆಂದಿತು. ವಾರಕ್ಕೆ ಎರಡು ದಿನ ಸರ್ಕಾರದ ಮೊಟ್ಟೆ, ನಾಲ್ಕು ದಿನ ಫೌಂಡೇಶನ್ನಿನ ಮೊಟ್ಟೆ. ಮೊಟ್ಟೆ ಅಂದರೆ ಮಠಗಳು ಮೈಮೇಲೆ ಬರುತ್ತಿದ್ದ ರಾಜ್ಯದಲ್ಲಿ ಇದು ದೊಡ್ಡ ಕೆಲಸವೇ. ಅವ್ವನಿಗೆ ಫೋನಿನಲ್ಲಿ ನನ್ನ ಸಂಶಯವನ್ನೆಲ್ಲ ಹೇಳಿದೆ. ಅವಳಂದಳು: “ಮೊಟ್ಟೆ ಬರ್ಲಿ ಕಣ್ ಮಗ, ಬ್ಯಾಡ ಅನ್ಬ್ಯಾಡ. ಆದ್ರೆ ಮೂರ್ ವರ್ಸ ಆದ್ಮೇಲೆ ನಿಂತೋದ್ರೆ ಐಕಳು ನನ್ ಮಕ ನೋಡ್ತವೆ. ನಾನು ಯಾರ್ ಮಕ ನೋಡ್ಲಿ?” ಜೆ.ಪಿ. ನಗರದ ಆ ತಾಯಿ ಕೇಳಿದ ಪ್ರಶ್ನೆಯೇ ಇದು. ಸರ್ಕಾರ ಮೊಟ್ಟೆ ನಿಲ್ಲಿಸಿದರೆ ರಸ್ತೆಗಿಳಿಯಬಹುದು, ಓಟಿನಲ್ಲಿ ತೋರಿಸಬಹುದು. ದಾನಿ ನಿಲ್ಲಿಸಿದರೆ ಕೈಮುಗಿದು ‘ಇಲ್ಲೀವರ್ಗೂ ಕೊಟ್ರಲ್ಲ’ ಎನ್ನಬೇಕು, ಅಷ್ಟೆ.

ನಮ್ಮ ರಾಜ್ಯದಲ್ಲಿ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರು. ಹನ್ನೆರಡನೇ ಶತಮಾನದ ಶರಣರು ದಾನ ಎನ್ನದೆ ದಾಸೋಹ ಎಂದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಟ್ಟವನು ಮೇಲೆ, ಪಡೆದವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನ ಕಾಯಕದಿಂದ ಬಂದದ್ದನ್ನು ಸಮುದಾಯದ್ದೆಂದು ತಿಳಿದು ಅವನು ಒಪ್ಪಿಸುತ್ತಾನೆ. ಇಂದು ಸರ್ಕಾರ ದಾಸೋಹ ಎಂದು ಬೋರ್ಡು ಬರೆಸಿ ದಾನದ ರೀತಿಯಲ್ಲಿ ನಡೆದುಕೊಳ್ಳುತ್ತದೆ. ಸಂಸ್ಥೆಗಳು ಸೇವೆ ಎಂದು ಬೋರ್ಡು ಬರೆಸಿ ಯಜಮಾನರಂತೆ ನಡೆದುಕೊಳ್ಳುತ್ತವೆ. ಇಬ್ಬರೂ ‘ಫಲಾನುಭವಿ’ ಎಂಬ ಒಂದೇ ಪದ ಬಳಸುತ್ತಾರೆ. ನಾನೂ ವರದಿಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಮರ ನೆಟ್ಟವರು ನಾವು, ನಮ್ಮನ್ನೇ ಹಣ್ಣು ತಿನ್ನಲು ಬಂದವರು ಅಂತ ಕರೆಯೋದು ಯಾವ ನ್ಯಾಯ?

ಈ ಜಗಳವನ್ನು ಬಾಬಾಸಾಹೇಬರು ಬಹಳ ಹಿಂದೆಯೇ ಆಡಿದ್ದಾರೆ. 1932ರಲ್ಲಿ ಪೂನಾ ಒಪ್ಪಂದದ ಬೆನ್ನಿಗೇ ಗಾಂಧೀಜಿಯವರ ಪ್ರೇರಣೆಯಿಂದ ಅಸ್ಪೃಶ್ಯತಾ ನಿವಾರಣೆಗೆ ಒಂದು ಸಂಸ್ಥೆ ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘವಾಯಿತು. ಉದ್ಯಮಿ ಜಿ.ಡಿ. ಬಿರ್ಲಾ ಅಧ್ಯಕ್ಷರು, ಎ.ವಿ. ಠಕ್ಕರ್ ಕಾರ್ಯದರ್ಶಿ. ಆ ನವೆಂಬರಿನಲ್ಲಿ ಅಂಬೇಡ್ಕರ್ ಲಂಡನ್ನಿಗೆ ಹೋಗುವ ಹಡಗಿನಿಂದ ಠಕ್ಕರರಿಗೆ ಪತ್ರ ಬರೆದರು. ಒಬ್ಬೊಬ್ಬರನ್ನು ಉದ್ಧಾರ ಮಾಡುವ ಕೆಲಸಕ್ಕೆ ಶಕ್ತಿ ಸುರಿಯಬೇಡಿ, ಬಾವಿಗೆ, ಶಾಲೆಗೆ, ಊರ ಬೀದಿಗೆ ಹೋಗುವ ನಾಗರಿಕ ಹಕ್ಕಿನ ಹೋರಾಟಕ್ಕೆ ಇಳಿಯಿರಿ ಎಂಬುದು ಆ ಪತ್ರದ ಸಾರ. ಅದು ನಡೆಯಲಿಲ್ಲ. ಸಂಘದ ಆಡಳಿತದಲ್ಲಿ ಅಸ್ಪೃಶ್ಯರಿಗೆ ಯಾಕೆ ಜಾಗವಿಲ್ಲ ಎಂದು ಕೇಳಿದಾಗ ಗಾಂಧೀಜಿಯವರ ಉತ್ತರ, ಇದು ಸವರ್ಣೀಯರ ಪ್ರಾಯಶ್ಚಿತ್ತದ ಸಂಸ್ಥೆ, ಸಾಲ ತೀರಿಸಬೇಕಾದವರು ಅವರು ಎಂಬಂತಿತ್ತು. ಸಾಲ ತೀರಿಸುವವನೇ ಲೆಕ್ಕದ ಪುಸ್ತಕವನ್ನೂ ಇಟ್ಟುಕೊಂಡರೆ ಸಾಲ ತೀರುವುದು ಯಾವಾಗ?

ಹಾಗೆಂದು ಅಂಬೇಡ್ಕರ್ ಪರರ ಸಹಾಯವೇ ಬೇಡ ಎಂದವರಲ್ಲ. 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಅಧ್ಯಕ್ಷರು ಮುಂಬೈನ ದೊಡ್ಡ ವಕೀಲ, ಮೇಲ್ಜಾತಿಯ ಚಿಮನ್‌ಲಾಲ್ ಸೆತಲ್ವಾಡ್. ಆದರೆ ಕೆಲಸ ನಡೆಸುವ ಸಮಿತಿಯ ಅಧ್ಯಕ್ಷರು ಅಂಬೇಡ್ಕರ್. ಆ ಸಭೆ ಸೊಲ್ಲಾಪುರದಲ್ಲಿ ಹಾಸ್ಟೆಲ್ ನಡೆಸಿತು. ಅಂದರೆ ಸೇವೆಯನ್ನೂ ಮಾಡಿತು. ಮೂರು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಅದೇ ಜನ ಮಹಾಡದ ಚೌಡಾರ್ ಕೆರೆಗೆ ನಡೆದುಹೋಗಿ ನೀರು ಕುಡಿದರು. ಹಾಸ್ಟೆಲಿನಲ್ಲಿ ಉಂಡ ಅನ್ನ ಕೆರೆಗೆ ನಡೆಯದಂತೆ ಅವರ ಕಾಲು ಕಟ್ಟಲಿಲ್ಲ. ಯಾಕೆಂದರೆ ಆ ಸಭೆಯ ನಡಿಗೆ ಯಾವ ಕಡೆಗೆಂದು ತೀರ್ಮಾನಿಸಿದವರು ದಾನಿಗಳಲ್ಲ, ಬಹಿಷ್ಕೃತರೇ.

ಹಂಗಾದರೆ ಅಳತೆಗೋಲು ಯಾವುದು? ಹಣ ಎಲ್ಲಿಂದ ಬಂತು ಎನ್ನುವುದಲ್ಲ. ಸರ್ಕಾರದ ಹಣ ಮುಟ್ಟಿದರೆ ಮೈಲಿಗೆ, ವಿದೇಶಿ ಹಣ ಮುಟ್ಟಿದರೆ ಮೈಲಿಗೆ ಎಂಬ ವಾದ ನಮ್ಮ ಗೆಳೆಯರಲ್ಲೂ ಇದೆ. ಮಡಿ ಮೈಲಿಗೆಯ ಭಾಷೆ ನಮಗೆ ಬೇಡ. ನನಗೆ ತೋಚಿದ ಅಳತೆಗೋಲು ಇಷ್ಟೇ: ಯಾರ ಹೆಸರಿನಲ್ಲಿ ಕೆಲಸ ನಡೆಯುತ್ತಿದೆಯೋ ಆ ಜನ ಸಿಟ್ಟಾದರೆ ನಿಮ್ಮನ್ನು ಕಿತ್ತುಹಾಕಬಹುದೇ? ನನ್ನ ಸಂಸ್ಥೆಯನ್ನು ಕೇಂದ್ರ ಗೃಹ ಇಲಾಖೆ ಮುಚ್ಚಬಹುದಿತ್ತು, ದಾನಿ ಮುಚ್ಚಬಹುದಿತ್ತು, ಶಿಕ್ಷಣ ಇಲಾಖೆ ಹೊರಗೆ ಹಾಕಬಹುದಿತ್ತು. ನಾವು ಯಾರಿಗಾಗಿ ಇದ್ದೆವೋ ಆ ತಾಯಂದಿರು ಮಾತ್ರ ಏನೂ ಮಾಡಲಾಗುತ್ತಿರಲಿಲ್ಲ. ಹೀಗಿರುವಾಗ ಸರ್ಕಾರೇತರ ಎಂಬ ಪದದಲ್ಲಿ ‘ಇತರ’ ಆದವರು ಆ ತಾಯಂದಿರೇ.

ಪೌರಕಾರ್ಮಿಕರನ್ನು ನೋಡಿ. ಜಯನಗರದ ಮರದ ಸಾಲಿನ ಎಲೆ ಗುಡಿಸುವವರು, ಬನಶಂಕರಿಯ ಮಾರ್ಕೆಟ್ಟಿನ ಕೊಳೆತ ಹೂವು ಎತ್ತುವವರು. ಬಹುಪಾಲು ನಮ್ಮವರೇ, ಬಹುಪಾಲು ಹೆಂಗಸರೇ. ಅವರಿಗೆ ಕೈಗವಸು ಹಂಚಿದ ಸಂಸ್ಥೆಗಳಿವೆ, ಸೀರೆ ಹಂಚಿದ ಸಂಸ್ಥೆಗಳಿವೆ, ಪಾದ ತೊಳೆದು ಫೋಟೋ ತೆಗೆಸಿಕೊಂಡವರೂ ಇದ್ದಾರೆ. ಆದರೆ 2022ರ ಜುಲೈನಲ್ಲಿ ಅವರೇ ತಮ್ಮ ಸಂಘಟನೆಗಳ ಹೆಸರಿನಲ್ಲಿ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ನಾಲ್ಕು ದಿನದಲ್ಲಿ ಸರ್ಕಾರ ಖಾಯಂ ಮಾಡುವ ಮಾತು ಕೊಟ್ಟಿತು. ಸೆಪ್ಟೆಂಬರಿನಲ್ಲಿ 11,133 ಜನರ ಖಾಯಮಾತಿಗೆ ಸಂಪುಟ ಒಪ್ಪಿತು. 2025ರ ಮೇ 1ರಂದು, ಬಿಬಿಎಂಪಿ ಇನ್ನೂ ಇದ್ದಾಗ, ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಕೊಟ್ಟರು. ಎಲ್ಲರಿಗೂ ಸಿಗಲಿಲ್ಲ, ಜಗಳ ಮುಗಿದಿಲ್ಲ. ಆದರೆ ಅದನ್ನು ಯಾರೂ ಅವರಿಗೆ ದಾನವಾಗಿ ಕೊಡಲಿಲ್ಲ. ಸಂಘದ ಮುಖಂಡ ಮೋಸ ಮಾಡಿದರೆ ಮರುದಿನ ಬೆಳಗ್ಗೆ ಮಸ್ಟರಿಂಗ್ ಜಾಗದಲ್ಲೇ ಹಿಡಿದು ಕೇಳುತ್ತಾರೆ.

ಚೀನಾದ ಕೂಲಿಗೆ ಈ ಬಾಗಿಲಿಲ್ಲ. ಅಲ್ಲಿ ಕಾನೂನು ಒಪ್ಪುವ ಕಾರ್ಮಿಕ ಒಕ್ಕೂಟ ಒಂದೇ, ಅದೂ ಪಕ್ಷದ ಕೈಯೊಳಗಿನದು. ಸಂಸ್ಥೆಯ ಬಾಗಿಲು ಮುಚ್ಚಿದರೆ ಸಂಘದ ಬಾಗಿಲೂ ಮುಚ್ಚಿರುತ್ತದೆ. ನಮಗೆ ಈ ಎರಡನೇ ಬಾಗಿಲು ಇನ್ನೂ ತೆರೆದಿದೆ. ತೆರೆದ ಬಾಗಿಲಿನ ಮುಂದೆ ನಿಂತು ನಾವು ಪ್ರಾಜೆಕ್ಟ್ ಪ್ರಪೋಸಲ್ ಬರೆಯುತ್ತಿದ್ದೇವೆ. ನಾನೂ ಬರೆದವನೇ. ನಮ್ಮ ಓದಿದ ತಲೆಮಾರಿನ ಎಷ್ಟು ಹುಡುಗ ಹುಡುಗಿಯರು ಚಳವಳಿಯಿಂದ ಸಂಸ್ಥೆಗೆ ಹೋದೆವೆಂದು ಒಮ್ಮೆ ಎಣಿಸಿ ನೋಡಿ. ಹೊಟ್ಟೆಪಾಡು, ತಪ್ಪಲ್ಲ. ಆದರೆ ಸಂಘಕ್ಕೆ ತಿಂಗಳಿಗೆ ಹತ್ತು ರೂಪಾಯಿ ಚಂದಾ ಕೊಡುವ ಹೆಂಗಸಿಗೆ ನಾವು ಉತ್ತರ ಹೇಳಬೇಕಾಗಿತ್ತು. ಈಗ ಎಕ್ಸೆಲ್ ಶೀಟಿಗೆ ಉತ್ತರ ಹೇಳುತ್ತಿದ್ದೇವೆ.

ಹನ್ನೊಂದು ತಿಂಗಳಿಗೆ ನನ್ನ ಗುತ್ತಿಗೆ ಮುಗಿಯಿತು. ನಾನು ರಾಜೀನಾಮೆ ಬಿಸಾಕಿ ಬಂದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಅದು ಸುಳ್ಳು. ಪ್ರಾಜೆಕ್ಟ್ ಮುಗಿಯಿತು, ನಮ್ಮನ್ನು ಕಳಿಸಿದರು. ಹೋಗುವ ಮುಂಚೆ ಆ ತಾಯಂದಿರ ಸಭೆಗೆ ಕೊನೆಯ ಸಲ ಹೋದೆ. ನಾನು ಅಳಿಸಿದ್ದ ವಾಕ್ಯವನ್ನು ಅವರ ಮುಂದೆ ಬಾಯಲ್ಲಿ ಹೇಳಿದೆ, ಯಾಕೆ ಅಳಿಸಿದೆ ಎಂದೂ ಹೇಳಿದೆ. ಅವತ್ತು ಪ್ರಶ್ನೆ ಕೇಳಿದ್ದ ಹೆಂಗಸು ಬೈಯಲಿಲ್ಲ. “ಆ ಪೇಪರ್ ನಮಗೊಂದ್ ಕೊಡಿ ಸಾರ್, ನಾವೇ ಬಿಇಓ ಆಪೀಸ್ಗೆ ಹೋಯ್ತೀವಿ” ಅಂದಳು. ಜೆರಾಕ್ಸ್ ಮಾಡಿಸಿಕೊಟ್ಟೆ. ಅವರಲ್ಲಿ ಒಂಬತ್ತು ಜನ ಹೋದರು. ಎರಡು ಸಲ ವಾಪಸು ಕಳಿಸಿದರು. ಮೂರನೇ ಸಲ ಅರ್ಜಿಗೆ ಸೀಲು ಹಾಕಿಸಿಕೊಂಡು ಬಂದರು. ಶಾಲೆಗೆ ನೀರಿನ ಸಂಪರ್ಕ ಇನ್ನೂ ಬಂದಿಲ್ಲ. ಆದರೆ ಸ್ವೀಕೃತಿಯ ಆ ಚೀಟಿ ಅವಳ ಮನೆಯ ಟ್ರಂಕಿನಲ್ಲಿದೆ. ಬರದಿದ್ದರೆ ಯಾರನ್ನು ಕೇಳಬೇಕೆಂದು ಈಗ ಅವಳಿಗೆ ಗೊತ್ತಿದೆ.

ಇದನ್ನು ಓದುವ ಹಳ್ಳಿ ಮೇಷ್ಟ್ರುಗಳಿಗೆ ನನ್ನದೊಂದು ಮಾತು. ನಾಳೆ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಮಕ್ಕಳನ್ನು ಕೇಳಿ, ಈ ಅನ್ನ ಯಾರದು ಎಂದು. ಸರ್ಕಾರದ್ದು ಎನ್ನುತ್ತವೆ, ಸಂಸ್ಥೆಯದು ಎನ್ನುತ್ತವೆ, ಕೆಲವು ದೇವರದ್ದು ಎನ್ನಬಹುದು. ‘ನಮ್ಮದು’ ಎಂದು ಒಂದು ಮಗುವಾದರೂ ಹೇಳುವ ತನಕ ಪಾಠ ಮುಂದಕ್ಕೆ ಹೋಗಬೇಡಿ. ಆಮೇಲೆ ಸೌಟು ಹಿಡಿದ ಆ ತಾಯಿಯ ಹೆಸರೇನೆಂದು ಕೇಳಿ. ಗೊತ್ತಿಲ್ಲದಿದ್ದರೆ ಅವರನ್ನೇ ಕರೆದು ಮಕ್ಕಳಿಗೆ ಹೇಳಿಸಿ.